ಭಾವನ ಸೀಟಿನ ಒದ್ದೆ ಗೋಣಿಚೀಲ

ನಮ್ಮ ಭಾವ ಲಾರಿ ಡ್ರೈವರು. ಹೊರಡುವ ಮುಂಚೆ ಕಬ್ಬಿಣದ ರಾಡಿನಿಂದ ಹತ್ತೂ ಟೈರಿಗೆ ಒಂದೊಂದು ಏಟು ಹಾಕಿ, ಕಿವಿಗೊಟ್ಟು ಕೇಳುತ್ತಾರೆ. ಗಾಳಿ ಒಂಚೂರು ಇಳಿದಿದ್ದರೂ ಸದ್ದಿನಲ್ಲೇ ಹೇಳಿಬಿಡುತ್ತಾರೆ. ಲಾರಿ ನಿಲ್ದಾಣದಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ನನಗೇ ಅವರೆದುರು ಬಾಯಿ ಬಿಡಲು ಭಯ. ಮಾತೋ, ಕೇಳಲೇಬೇಡಿ, ಅವರು ಟೀ ಅಂಗಡಿಯಲ್ಲಿ ಕೂತರೆ ಉಳಿದವರ ಲೋಟ ತಣ್ಣಗಾಗುತ್ತದೆ.

ಅಂಥವರು ಒಂದು ಬೆಳಿಗ್ಗೆ ಸೀಟಿನ ಮೇಲೆ ಒದ್ದೆ ಗೋಣಿಚೀಲ ಹಾಸಿಕೊಂಡು ಬಂದರು.

“ಏನು ಭಾವ, ಸೀಟಿಗೆ ಜ್ವರ ಬಂತಾ?” ಎಂದೆ.

“ಇಂಜಿನ್ ಕಾವು ಕಣೋ. ಕೆಳಗಡೆ ಒಂದು ಹುಣ್ಣಾಗಿದೆ. ನೋವಿಲ್ಲ, ಏನಿಲ್ಲ. ತಂಪು ಮಾಡಿದ್ರೆ ಹೋಗುತ್ತಂತೆ, ಎಲ್ಲಾ ಡ್ರೈವರೂ ಹೇಳ್ತಾರೆ.”

ನನ್ನ ಕೈಯಲ್ಲಿದ್ದ ಟ್ಯೂಬು ತೊಟ್ಟಿಗೆ ಬಿತ್ತು. ನಿಲ್ದಾಣದ ಮೂಲೆಯ ಆರೋಗ್ಯ ಕೊಠಡಿಯ ನರ್ಸಮ್ಮ ವಾರಕ್ಕೊಮ್ಮೆ ನನ್ನಂಗಡಿ ಮುಂದೆ ನಿಂತು ಗಂಟಲು ಹರಿದುಕೊಳ್ಳುವುದು ಇದಕ್ಕೇ: ನೋವಿಲ್ಲದ ಹುಣ್ಣನ್ನು ನಂಬಬೇಡಿ, ಅದು ಲೈಂಗಿಕ ರೋಗ ಇರಬಹುದು. ಮನೆಯಲ್ಲಿ ಅಕ್ಕನಿಗೆ ಐದು ತಿಂಗಳು. ಮದುವೆಯಾಗಿ ಒಂಬತ್ತು ವರ್ಷಕ್ಕೆ ನಿಂತ ಮೊದಲ ಬಸಿರು.

“ಭಾವ, ದಾರೀಲಿ ಎಲ್ಲಾದ್ರೂ...?”

ಭಾವ ರಾಡು ಎತ್ತಿಕೊಂಡು ಮುಂದಿನ ಟೈರಿಗೆ ಒಂದೇಟು ಹಾಕಿದರು. ಆಮೇಲೆ ಮೆಲ್ಲಗೆ, “ಎರಡು ತಿಂಗಳಾಯ್ತು. ಲೋಡ್ ಇಳಿಸೋಕೆ ನಾಲ್ಕು ದಿನ ಕಾಯಿಸಿದ್ರು. ಒಂದೇ ಸಲ ಕಣೋ,” ಎಂದರು.

“ಟೈರಿಗೆ ಎಷ್ಟು ಮೊಳೆ ಬೇಕು ಭಾವ?” ಎಂದು ಕಿರುಚಿದೆ. ನಿಜ ಹೇಳುತ್ತೇನೆ, ಆ ರಾಡು ನನ್ನ ಕೈಗೆ ಸಿಕ್ಕಿದ್ದರೆ ಹನ್ನೊಂದನೇ ಏಟು ಅವರಿಗೇ ಬೀಳುತ್ತಿತ್ತು. ಅಂಗಿ ಹಿಡಿದು ಎಳೆದುಕೊಂಡೇ ಹೋದೆ.

ನರ್ಸಮ್ಮ ರಕ್ತ ಪರೀಕ್ಷೆ ಮಾಡಿ ಸಿಫಿಲಿಸ್ ಎಂದರು. “ಇಂಜೆಕ್ಷನ್‌ಗೆ ವಾಸಿಯಾಗುತ್ತೆ, ಅಳಬೇಡಿ. ಆದ್ರೆ ಹೆಂಡ್ತೀನ ಇವತ್ತೇ ಕರ್ಕೊಂಡು ಬನ್ನಿ. ತಡ ಮಾಡಿದ್ರೆ ಮಗೂಗೆ ಅಪಾಯ.”

“ನಿಮ್ಮಕ್ಕಂಗೆ ನೀನೇ ಹೇಳೋ,” ಎಂದು ಭಾವ ದಾರಿಯುದ್ದಕ್ಕೂ ಗೋಗರೆದರು.

“ನಾನ್ಯಾಕೆ ಹೇಳಲಿ? ನೀವೇ ಹೇಳಿ.”

ಹೇಳಿದರು. ಅಕ್ಕ ಚಪ್ಪಲಿ ಮೆಟ್ಟಿಕೊಂಡು ನಮ್ಮಿಬ್ಬರಿಗಿಂತ ಮುಂದೆ ನಡೆದಳು. ಅವಳ ರಕ್ತದಲ್ಲೂ ಇತ್ತು. ಸೂಜಿ ಚುಚ್ಚಿಸಿಕೊಂಡು, “ಮಗು ಉಳಿಯುತ್ತಾ?” ಎಂದಷ್ಟೇ ಕೇಳಿದಳು.

ಉಳಿಯಿತು! ಹೆಣ್ಣು ಮಗು, ಗಂಟಲು ಥೇಟ್ ಅಪ್ಪನದೇ. ಮಗುವಿಗೆ ಏನೂ ಇಲ್ಲ ಎಂದು ಡಾಕ್ಟರು ಹೇಳಿದ ದಿನ ಭಾವ ನಿಲ್ದಾಣವಿಡೀ ಹಾರ್ನ್ ಹೊಡೆದುಕೊಂಡು ತಿರುಗಿದರು. ಈಗ ಟೀ ಅಂಗಡಿಯಲ್ಲಿ ಅವರದು ಇದೇ ಭಾಷಣ. ಯಾವನ ಸೀಟಿನಲ್ಲಾದರೂ ಒದ್ದೆ ಗೋಣಿಚೀಲ ಕಂಡರೆ ಕುತ್ತಿಗೆ ಹಿಡಿದು ನರ್ಸಮ್ಮನ ಮುಂದೆ ಕೂರಿಸುತ್ತಾರೆ. ನನ್ನ ಪ್ಯಾಚಿನ ಡಬ್ಬದ ತುಂಬ ಕಾಂಡೋಮ್ ಪೊಟ್ಟಣ ತುಂಬಿಸಿಟ್ಟು, “ಇದು ಪಂಕ್ಚರ್ ಆಗೋಕ್ ಮುಂಚೆ ಹಾಕೋದು, ತಗೊಳ್ರೋ,” ಎನ್ನುತ್ತಾರೆ. ನಾನು ಪ್ಯಾಚು ಹುಡುಕಿ ಸಾಯಬೇಕು.

ಮೂರು ತಿಂಗಳಿಗೊಮ್ಮೆ ತಾವೂ ಪರೀಕ್ಷೆ ಮಾಡಿಸುತ್ತಾರೆ. ಆ ಚೀಟಿ ಲಾರಿಯ ಪರ್ಮಿಟ್, ಇನ್ಶೂರೆನ್ಸ್ ಜೊತೆ ಅದೇ ಫೈಲಿನಲ್ಲಿರುತ್ತದೆ. ಹೊಸ ಚೀಟಿ ಬಂದ ದಿನ ಬಾಗಿಲಲ್ಲೇ ನಿಂತು ಅದನ್ನು ಅಕ್ಕನ ಕೈಗೆ ಕೊಡುತ್ತಾರೆ. ಮಗಳು ಅಪ್ಪನ ಕಡೆ ಎರಡೂ ಕೈ ಚಾಚಿ ಕುಣಿಯುತ್ತಾಳೆ. ಅಕ್ಕ ತಾರೀಕಿನಿಂದ ಸಹಿಯವರೆಗೂ ನಿಧಾನವಾಗಿ ಓದುತ್ತಾಳೆ. ಓದಿ ಮುಗಿಯುವವರೆಗೂ ಮಗು ಅವಳ ಸೊಂಟದಲ್ಲೇ.