ಚೆಕ್ ಮಾಡುವ ದೊಡ್ಡಪ್ಪ

ಬಟ್ಟೆ ಗಿರಣಿಯಲ್ಲಿ ದುಡಿಯುತ್ತಿದ್ದ ನಮ್ಮ ದೊಡ್ಡಪ್ಪನಿಗೆ ಇಂಗ್ಲಿಷಿನಲ್ಲಿ ಗೊತ್ತಿದ್ದದ್ದು ಒಂದೇ ಕ್ರಿಯಾಪದ, ‘ಚೆಕ್’. ನಾವೆಲ್ಲ ಬೀಗವನ್ನು ಎಳೆದು ನೋಡುತ್ತೇವೆ, ಹಾಲನ್ನು ಮೂಸಿ ನೋಡುತ್ತೇವೆ, ಹಣ್ಣನ್ನು ಅದುಮಿ ನೋಡುತ್ತೇವೆ. ಅವರು ಎಲ್ಲವನ್ನೂ ಚೆಕ್ ಮಾಡುತ್ತಿದ್ದರು. ಮನೆಗೆ ಬೀಗ ಹಾಕಿದರೆ ಅದಕ್ಕೆ ಜೋತುಬಿದ್ದು ಎಳೆಯುವರು, ಬೀದಿಯ ತಿರುವಿನವರೆಗೆ ಹೋಗಿ ಮರಳಿ ಬಂದು ಮತ್ತೆ ಎಳೆಯುವರು, ಒಮ್ಮೆ ಹಾಗೆ ಚಿಲಕವೇ ಕಿತ್ತು ಕೈಗೆ ಬಂದಾಗ, “ನೋಡಿದ್ರಾ, ಚೆಕ್ ಮಾಡಿದ್ದು ಒಳ್ಳೇದಾಯ್ತು!” ಎಂದು ಎದೆಯುಬ್ಬಿಸಿದರು. ನೆಂಟರು ಹೊರಟು ನಿಂತರೆ ಅವರ ಚೀಲದ ಹಿಡಿಯನ್ನೂ ಜಗ್ಗಿ ಚೆಕ್ ಮಾಡುವರು. “ಮದುವೆಗೆ ಮೊದಲು ನನ್ನೊಬ್ಬಳನ್ನ ಚೆಕ್ ಮಾಡ್ಲಿಲ್ಲ ನೋಡಿ, ನನ್ನ ಪುಣ್ಯ” ಎಂದು ದೊಡ್ಡಮ್ಮ ಬಂದವರೆದುರು ನಗಾಡುತ್ತಿದ್ದರು. ರಜೆಯಲ್ಲಿ ನಾವು ಮಕ್ಕಳು ಮಧ್ಯಾಹ್ನ ಉಂಡು ಚಾಪೆಯ ಮೇಲೆ ಸಾಲಾಗಿ ಮಲಗಿದಾಗ, ದೊಡ್ಡಪ್ಪ ಬೆಕ್ಕಿನ ಹೆಜ್ಜೆಯಲ್ಲಿ ಬಂದು ಒಬ್ಬೊಬ್ಬರ ಮೂಗಿನ ಕೆಳಗೂ ಬೆರಳು ಹಿಡಿಯುತ್ತಿದ್ದರು. “ಎಬ್ಬಿಸ್ತಿಲ್ಲ ಕಣೇ, ಚೆಕ್ ಮಾಡ್ದೆ ಅಷ್ಟೆ” ಎಂದು ಹೆಂಡತಿಗೆ ಪಿಸುಗುಟ್ಟುವರು. ಎಲ್ಲದಕ್ಕೂ ನಗುವ ದೊಡ್ಡಮ್ಮ ಆಗ ಮಾತ್ರ ನಗುತ್ತಿರಲಿಲ್ಲ, “ಎಲ್ಲಾ ಸರಿಯಾಗಿದ್ಯಾ?” ಎಂದು ಮೆಲ್ಲಗೆ ಕೇಳುವರು. ಅವರಿಗಿದ್ದ ಒಂದೇ ಒಂದು ಕೂಸು ಹೀಗೇ ಒಂದು ಮಧ್ಯಾಹ್ನ ಮಲಗಿದ್ದು ಮತ್ತೆ ಏಳಲಿಲ್ಲವೆಂದು ನನ್ನ ಅಮ್ಮ ಹೇಳಿದ್ದು ಎಷ್ಟೋ ರಜೆಗಳು ಕಳೆದ ಮೇಲೆ. ಅಲ್ಲಿಂದ ಮುಂದೆ, ಎಚ್ಚರವಿದ್ದರೂ ನಾನು ಕಣ್ಣು ಮುಚ್ಚಿಕೊಂಡು, ಗಿರಣಿಯ ಎಣ್ಣೆ ವಾಸನೆಯ ಆ ಬೆರಳಿಗೆ ಚೆನ್ನಾಗಿ ತಾಗಲೆಂದು ಜೋರಾಗಿ ಉಸಿರು ಬಿಡುತ್ತಿದ್ದೆ.