ಐಸ್ ಮೇಲಿನ ನಿಯಮ, ಹಂಚಿನ ಮೇಲಿನ ರೊಟ್ಟಿ

ಫೆಬ್ರುವರಿ 15, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ಐಸ್ ಮೇಲೆ ಧೊಪ್ಪನೆ ಬಿದ್ದ ಹುಡುಗಿಯೊಬ್ಬಳಿಗೆ ನಮ್ಮ ಪಕ್ಕದ ಮನೆಯ ಶಂಶಾದಕ್ಕ ಹತ್ತಕ್ಕೆ ಎಂಟು ಅಂಕ ಕೊಟ್ಟರು.

“ಬಿದ್ದಾಳಲ್ಲೇ ಶಂಶಾದ್!” ಎಂದರು ಅತ್ತೆ.

“ಬಿದ್ರೆ ಏನಾತು ಗೌರಕ್ಕ? ಆ ಅಂಗಿ ನೋಡ್ರಿ. ಅಷ್ಟು ಗಿರಗಿರ ತಿರುಗಿದ್ರೂ ಒಂದು ಹೊಲಿಗೆ ಬಿಚ್ಚಿಲ್ಲ.”

(ಶಂಶಾದಕ್ಕ ಟೈಲರ್. ಅವರ ಅಂಕಗಳೆಲ್ಲ ಹೊಲಿಗೆಗೇ ಹೋಗುತ್ತವೆ.)

ಟಿವಿಯಲ್ಲಿ ಚಳಿಗಾಲದ ಆಟಗಳ ಮರುಪ್ರಸಾರ. ಫೆಬ್ರುವರಿಯಲ್ಲೇ ಫ್ಯಾನ್ ಹಾಕಿಕೊಂಡು ಕೂರುವ ಹೊನ್ನಾಳಿಯಲ್ಲಿ ಐಸ್ ಮೇಲಿನ ನೃತ್ಯಕ್ಕೆ ಮೂವರು ಅಭಿಮಾನಿಗಳು. ನಾನು, ಶಂಶಾದಕ್ಕ, ಮತ್ತು ನಾನು ಯಾರ ಮನೆಯಲ್ಲಿ ಇದ್ದೇನೋ ಆ ಗೌರಮ್ಮತ್ತೆ, ನಮ್ಮಪ್ಪನ ಅಕ್ಕ. ಒಬ್ಬೊಬ್ಬರ ಆಟ ಮುಗಿದ ಕೂಡಲೇ, ತೆರೆಯ ಮೇಲೆ ಅಂಕ ಬರುವ ಮುಂಚೆ, ಮೂವರೂ ನಮ್ಮ ನಮ್ಮ ಅಂಕ ಕೂಗಬೇಕು. ನಾನು ಬರೆದುಕೊಳ್ಳುತ್ತೇನೆ. ಯಾರು ಮುಂದೆ, ಯಾರು ಹಿಂದೆ ಎಂದು ಊಹಿಸುವುದರಲ್ಲಿ ಅತ್ತೆಯೇ ಮುಂದು. ಶಂಶಾದಕ್ಕನದು ಇನ್ನೂ ಸೊನ್ನೆ. ಅವರಿಗೆ ಬೇಸರವೂ ಇಲ್ಲ.

ಬಿದ್ದ ಆ ಹುಡುಗಿ ಬೀಳದೆ ಆಡಿದ ಇನ್ನೊಬ್ಬಳಿಗಿಂತ ಮೇಲೆ ಬಂದಳು. ಅದು ಹೇಗೆ? ನನಗೆ ಇಂಥದ್ದು ಬಿಡಿಸದಿದ್ದರೆ ಊಟ ಸೇರುವುದಿಲ್ಲ. ಫೋನಿನಲ್ಲಿ ಹುಡುಕಿದೆ. ಪ್ರತಿ ಜಿಗಿತಕ್ಕೂ ಅದು ಎಷ್ಟು ಕಷ್ಟ ಎನ್ನುವುದರ ಮೇಲೆ ಮೊದಲೇ ಒಂದು ಬೆಲೆ ಇರುತ್ತದೆ. ಬಿದ್ದದ್ದಕ್ಕೆ ಕಳೆಯುತ್ತಾರೆ, ಆದರೂ ಉಳಿದ ಜಿಗಿತಗಳು ಕಷ್ಟದವಾಗಿದ್ದರೆ ಮೇಲೆ ಬರಬಹುದು. ಆಮೇಲೆ, ತೀರ್ಪುಗಾರರು ಒಂಬತ್ತು ಜನ. ಒಂದೊಂದು ಜಿಗಿತಕ್ಕೂ ಅವರು ಕೊಟ್ಟದ್ದರಲ್ಲಿ ಎಲ್ಲಕ್ಕಿಂತ ಹೆಚ್ಚಿನದೊಂದು, ಎಲ್ಲಕ್ಕಿಂತ ಕಡಿಮೆಯದೊಂದು ತೆಗೆದುಹಾಕಿ, ಉಳಿದ ಏಳರ ಸರಾಸರಿ ಹಿಡಿಯುತ್ತಾರೆ.

“ಅಂದ್ರೆ ಮನೆಯವರು ಜಾಸ್ತಿ ಹಾಕಿದ್ರೂ ನಡೆಯಲ್ಲ, ಆಗದವರು ಕಡಿಮೆ ಹಾಕಿದ್ರೂ ನಡೆಯಲ್ಲ,” ಎಂದರು ಶಂಶಾದಕ್ಕ. “ಪಸಂದಾಗೈತೆ ಬಿಡು.”

ಅದೇ ದಿನ ಇನ್ನೊಂದು ಆಟವನ್ನೂ ನೋಡಿದೆವು. ಎತ್ತರದ ಇಳಿಜಾರಿನಿಂದ ಜಾರಿ ಬಂದು ಹಕ್ಕಿಯಂತೆ ಗಾಳಿಗೆ ಹಾರುವ ಆಟ. ಅದರಲ್ಲಿ ಗಾಳಿಗೂ ಅಂಕವಿದೆ! ಎದುರುಗಾಳಿ ಹಾರುವವರಿಗೆ ಅನುಕೂಲವಂತೆ (ನಾನು ಉಲ್ಟಾ ಅಂದುಕೊಂಡಿದ್ದೆ), ಅದಕ್ಕೆ ಕಳೆಯುತ್ತಾರೆ. ಬೆನ್ನ ಹಿಂದಿನಿಂದ ಬೀಸಿದರೆ ನಷ್ಟ, ಅದನ್ನು ತುಂಬಿಕೊಡುತ್ತಾರೆ.

ಅತ್ತೆ ನಕ್ಕರು. “ನಮ್ಮ ಒಲೆಗೆ ಗಾಳಿ ಹೊಡೆದ್ರೆ ಯಾರವ್ವಾ ತುಂಬಿಕೊಡ್ತಾರೆ?”

ಒಲೆಯ ಮಾತು ಬಂದದ್ದು ಸುಮ್ಮನೆ ಅಲ್ಲ. ಅತ್ತೆಯ ತಲೆಯಲ್ಲಿ ಆಗ ಮುಂದಿನ ಭಾನುವಾರದ ರೊಟ್ಟಿ ಸ್ಪರ್ಧೆ ಮಾತ್ರ ಇತ್ತು.

ಅತ್ತೆ ಹುಟ್ಟಿದ್ದು ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ. ಜೋಳದ ನಾಡು. ಮದುವೆಯಾಗಿ ಬಂದದ್ದು ಭತ್ತದ ಹೊನ್ನಾಳಿಗೆ. ಇಲ್ಲಿ ಜೋಳದ ರೊಟ್ಟಿ ತಿನ್ನುವವರು ಬೇಕಾದಷ್ಟು, ಕೈಯಲ್ಲಿ ತಟ್ಟುವವರು ಕಡಿಮೆ. ಖಾನಾವಳಿಯ ಮುರುಗೇಶಪ್ಪನವರಿಗೆ ದಿನಾ ರೊಟ್ಟಿ ಮಾಡಿಕೊಡುವವರು ಬೇಕಿತ್ತು. ನಮ್ಮ ಓಣಿಯ ಮಹಿಳಾ ಸಂಘ ಸ್ಪರ್ಧೆ ಇಡುತ್ತದೆಂದು ಗೊತ್ತಾಗಿ, ಗೆದ್ದವರಿಗೇ ಆ ಕೆಲಸ ಎಂದರು. ಅತ್ತೆಗೆ ಆ ಕೆಲಸ ಬೇಕಿತ್ತು. ಬೇಕಿತ್ತು ಅಂದರೆ ಎಷ್ಟು? ಸ್ಪರ್ಧೆಗೆ ಮುಂಚೆಯೇ ದಾವಣಗೆರೆಗೆ ಹೋಗಿ ಎರಡನೇ ಹಂಚು ತಂದು, ಎಣ್ಣೆ ಸವರಿ ಗೋಡೆಗೆ ಒರಗಿಸಿಟ್ಟಿದ್ದರು. ಅಷ್ಟು.

ಒಂದೇ ತೊಡಕು. ತೀರ್ಪುಗಾರರು ಮೂವರು: ಮುರುಗೇಶಪ್ಪ, ನಿವೃತ್ತ ಮೇಷ್ಟ್ರೊಬ್ಬರು, ನಮ್ಮ ಶಂಶಾದಕ್ಕ. ಸ್ಪರ್ಧೆಗೆ ಹೆಸರು ಕೊಟ್ಟವರಲ್ಲಿ ನ್ಯಾಮತಿಯ ರೇಣುಕಾ ಕೂಡ ಇದ್ದರು, ಮುರುಗೇಶಪ್ಪನವರ ಹೆಂಡತಿಯ ತಂಗಿ.

“ಅವರು ನಾದಿನಿಗೇ ಹಾಕ್ತಾರೆ ಬಿಡ್ರಿ,” ಎಂದು ಸಂಘದ ಸಭೆಯಲ್ಲಿ ಒಬ್ಬರು. “ಶಂಶಾದಕ್ಕ ಏನು ಕಮ್ಮಿನಾ? ಗೌರಮ್ಮನ ಮನೆ ಗೋಡೆಗೇ ಅವರ ಗೋಡೆ ಐತೆ,” ಎಂದು ಇನ್ನೊಬ್ಬರು. ಲೆಕ್ಕ ಬರೆಯಲು ನನ್ನನ್ನು ಕೂರಿಸಿದ್ದರು. ಐಸ್ ಮೇಲಿನ ನಿಯಮ ಹೇಳಿದೆ. ಮೇಲಿನದೊಂದು, ಕೆಳಗಿನದೊಂದು ತೆಗೆಯೋಣ. ಎಲ್ಲರೂ ತಲೆದೂಗಿದರು. ಮುರುಗೇಶಪ್ಪನವರೂ. ಅತ್ತೆಯಂತೂ ಎಲ್ಲರಿಗಿಂತ ಮೊದಲು ಕೈ ಎತ್ತಿದರು.

ಒಂಬತ್ತರಲ್ಲಿ ಎರಡು ತೆಗೆದರೆ ಏಳು ಉಳಿಯುತ್ತದೆ. ಮೂರರಲ್ಲಿ ಎರಡು ತೆಗೆದರೆ?

ಅಷ್ಟು ಜನ ಕೂತಿದ್ದೆವು. ಒಬ್ಬರೂ ಕೇಳಲಿಲ್ಲ.

ಫೆಬ್ರುವರಿ 22, ಭಾನುವಾರ. ಸಮುದಾಯ ಭವನದ ಅಂಗಳದಲ್ಲಿ ಸಾಲಾಗಿ ಒಲೆಗಳು. ರೊಟ್ಟಿ ತಟ್ಟುವ ಸದ್ದು ರಸ್ತೆಯವರೆಗೆ. ಜೋಳದ ಹಿಟ್ಟಿಗೆ ಗೋಧಿಯಂಥ ಜಿಗುಟಿಲ್ಲ. ತೆಳ್ಳಗೆ ತಟ್ಟಿದಷ್ಟೂ ಅಂಚು ಸೀಳುತ್ತದೆ. ರೇಣುಕಾ ಜಾಣೆ, ಸ್ವಲ್ಪ ದಪ್ಪಗೆ ತಟ್ಟಿದರು. ದುಂಡಗೆ, ಒಂದೂ ಸೀಳಿಲ್ಲದೆ ಬಂದವು. ಅತ್ತೆ ಬಿಳಿಚೋಡಿನ ಹಟ ಬಿಡಲಿಲ್ಲ. ಹಿಂದೆ ಬೆಳಕು ಹಿಡಿದರೆ ಕಾಣಬೇಕು, ಅಷ್ಟು ತೆಳ್ಳಗೆ. ಪುಗ್ಗೆಯಂತೆ ಉಬ್ಬಿದವು. ಒಂದರ ಅಂಚು ಮಾತ್ರ ಸೀಳಿತು. (ಕಷ್ಟದ ಜಿಗಿತ, ಸಣ್ಣ ಎಡವು ಎಂದು ನಾನು ಮನಸ್ಸಿನಲ್ಲೇ ಬರೆದುಕೊಂಡೆ.)

ಮೂವರೂ ಚೀಟಿಯಲ್ಲಿ ಅಂಕ ಬರೆದು ಮಡಚಿ ಕೊಟ್ಟರು. ನಾನು ಬೋರ್ಡಿನ ಮೇಲೆ ಬರೆದೆ. ಉಳಿದವರೆಲ್ಲ ಹಿಂದೆ ಬಿದ್ದರು, ಇಬ್ಬರೇ ಮುಂದೆ.

ಅತ್ತೆಗೆ ಮೇಷ್ಟ್ರು ಹತ್ತು, ಮುರುಗೇಶಪ್ಪ ಏಳು, ಶಂಶಾದಕ್ಕ ಏಳು.

ರೇಣುಕಾಗೆ ಮೇಷ್ಟ್ರು ಎಂಟು, ಶಂಶಾದಕ್ಕ ಎಂಟು, ಮುರುಗೇಶಪ್ಪ ಐದು.

ಐದು! ಸ್ವಂತ ನಾದಿನಿಗೆ ಐದು! ಅಂಗಳದಲ್ಲಿ ಚಪ್ಪಾಳೆ. “ನಮ್ಮವರು ತಮ್ಮವರು ಅಂತ ನಾನು ನೋಡಲ್ರೀ,” ಎಂದು ಮುರುಗೇಶಪ್ಪ ಎದ್ದು ನಿಂತು ಕೈಮುಗಿದರು.

ನಾನು ನಿಯಮದಂತೆ ಅಳಿಸಿದೆ. ಅತ್ತೆಯ ಹತ್ತು ಹೋಯಿತು, ಒಂದು ಏಳು ಹೋಯಿತು. ಉಳಿದದ್ದು ಏಳು. ರೇಣುಕಾದು ಒಂದು ಎಂಟು ಹೋಯಿತು, ಆ ಐದೂ ಹೋಯಿತು. ಉಳಿದದ್ದು ಎಂಟು.

ನನ್ನ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು.

“ಅಲ್ಲಮ್ಮಾ, ಕೂಡಿದ್ರೆ ಗೌರಮ್ಮನದು ಇಪ್ಪತ್ನಾಲ್ಕು, ಆಕೆದು ಇಪ್ಪತ್ತೊಂದು,” ಎಂದರು ಮೇಷ್ಟ್ರು. “ನನ್ನ ಹೊಸ ಹಲ್ಲಿನ ಸೆಟ್ಟಿಗೂ ಬೆಣ್ಣೆ ಹಂಗೆ ಸಿಕ್ಕ ರೊಟ್ಟಿ ಅದು. ಹೆಂಗೆ ಸೋಲ್ತದೆ?”

ಗುಸುಗುಸು ಶುರುವಾಯಿತು. ಸಂಘದ ಅಧ್ಯಕ್ಷೆ ನನ್ನ ಮುಖ ನೋಡಿದರು. ಆಗ ಅತ್ತೆ ಕೈಗೆ ಹತ್ತಿದ ಹಿಟ್ಟು ಉಜ್ಜಿಕೊಳ್ಳುತ್ತಾ ಎದ್ದರು. “ಸಭೆಯಾಗೆ ಕೈ ಎತ್ತಿದ್ದು ನಾನೇ ಮೊದ್ಲು. ಸೋತ ಮ್ಯಾಲೆ ನಿಯಮ ಬದ್ಲಿಸಾಕೆ ಆಗ್ತೈತಾ? ಕೊಡ್ರಿ ಆಕೆಗೆ.”

ಕೆಲಸ ರೇಣುಕಾಗೆ ಹೋಯಿತು. ಮುರುಗೇಶಪ್ಪ ಲೆಕ್ಕ ಹಾಕಿ ಐದು ಬರೆದರೋ, ಜನರ ಬಾಯಿಗೆ ಹೆದರಿ ಬರೆದರೋ, ನನಗೆ ಗೊತ್ತಿಲ್ಲ. ಹೇಗೂ ಅದು ಯಾರ ಲೆಕ್ಕಕ್ಕೂ ಬರಲಿಲ್ಲ.

ಆದರೆ ಶಂಶಾದಕ್ಕ? ಅತ್ತೆಯ ರೊಟ್ಟಿಯನ್ನು ಕೇಳಿ ಪಡೆದು ತಿನ್ನುವವರು ಏಳು ಹಾಕಿದ್ದೇಕೆ? ಅತ್ತೆ ಕೇಳಲಿಲ್ಲ. ಸೋಮವಾರ ಗೋಡೆಯಾಚೆ ಹೊಲಿಗೆ ಯಂತ್ರದ ಸದ್ದು ಮಾತ್ರ. ಟಿವಿ ನೋಡಲು ಅವರು ಬರಲಿಲ್ಲ.

ಮಂಗಳವಾರ ಮಧ್ಯಾಹ್ನ ಬಂದರು. ಬಾಗಿಲಲ್ಲೇ ನಿಂತು ನನ್ನನ್ನು ನೋಡಿದರು, ಅತ್ತೆಯನ್ನಲ್ಲ.

“ನಾನು ಒಂಬತ್ತು ಬರೆದಿದ್ದೆ ಕಣವ್ವಾ. ಹೊಡೆದು ಹಾಕಿ ಏಳು ಮಾಡಿದೆ. ಪಕ್ಕದ ಮನೆಯಾಕೆ ಅಂತ ಹಾಕ್ಯಾಳೆ ಅಂದ್ರೆ ಏನು ಮಾಡ್ಲಿ? ಎಲ್ಲಕ್ಕಿಂತ ಕಡಿಮೆದು ತೆಗೀತೀನಿ ಅಂತ ನೀನೇ ಹೇಳಿದ್ದೆ. ನಂದು ಹೆಂಗೂ ತೆಗೀತೀಯ ಅಂದ್ಕೊಂಡೆ. ಆ ಮುರುಗೇಶಪ್ಪನೂ ಏಳೇ ಹಾಕ್ತಾರೆ ಅಂತ ಯಾರಿಗೆ ಗೊತ್ತಿತ್ತು?”

ನಾನು ಲೆಕ್ಕ ಹಾಕಿದೆ. ಹತ್ತು, ಒಂಬತ್ತು, ಏಳು. ಮೇಲಿನದು, ಕೆಳಗಿನದು ತೆಗೆದರೆ ಒಂಬತ್ತು. ಅತ್ತೆ ಗೆಲ್ಲುತ್ತಿದ್ದರು.

ನನಗೀಗ ಅನ್ನಿಸುವುದು ಇಷ್ಟು. ಮೂವರೇ ಇರುವಲ್ಲಿ ಆ ನಿಯಮ ತಂದದ್ದು ತಪ್ಪು, ಒಪ್ಪಿದೆ. ಆದರೆ ಐಸ್ ಆಟಕ್ಕೆ ಅದನ್ನು ಮಾಡಿದವರ ಲೆಕ್ಕವೂ ನಮ್ಮೂರಿಗೆ ಪೂರ್ತಿ ಹೊಂದುವುದಿಲ್ಲ. ತಮ್ಮವರಿಗೆ ಜನ ಹೆಚ್ಚು ಹಾಕುತ್ತಾರೆ ಎಂಬ ಭಯ ಅವರಿಗೆ. ಇಲ್ಲಿ? ಮದುವೆ ಊಟದಲ್ಲಿ ಮನೆಯವರು ಕೂರುವುದು ಕೊನೆಯ ಪಂಕ್ತಿಗೆ, ಅಷ್ಟೊತ್ತಿಗೆ ಹೋಳಿಗೆ ಮುಗಿದಿರುತ್ತದೆ. ಮೇಷ್ಟ್ರ ಮಗನಿಗೆ ತರಗತಿಯಲ್ಲಿ ಎರಡೇಟು ಜಾಸ್ತಿ. ನಮ್ಮವರೇ ಅಲ್ಲವೇ, ಬೇಸರ ಮಾಡಿಕೊಳ್ಳುವುದಿಲ್ಲ ಎಂದು ಅವರ ತಟ್ಟೆಯಿಂದಲೇ ತೆಗೆದು ನಾವು ನ್ಯಾಯವಂತರಾಗುತ್ತೇವೆ.

ಅತ್ತೆ ಎದ್ದರು. ಒಳಗೆ ಹೋಗಿ, ಗೋಡೆಗೆ ಒರಗಿದ್ದ ಹೊಸ ಹಂಚನ್ನು ಮೊದಲ ಸಲ ಒಲೆಗೇರಿಸಿದರು. ಒಂದು ರೊಟ್ಟಿ ಬೇಯಿಸಿ, ಮೇಲೆ ಶೇಂಗಾ ಚಟ್ನಿ ಹಾಕಿ, ಶಂಶಾದಕ್ಕನ ಕೈಗೆ ಕೊಟ್ಟರು.

“ಈಗ ಹೇಳು. ಎಷ್ಟು?”

“ಒಂಬತ್ತು, ಗೌರಕ್ಕ.”

“ಯಾರಿಗೂ ಕೇಳ್ಸಲಿಲ್ಲ. ಓಣಿಗೆ ಕೇಳಂಗೆ ಹೇಳು.”

ಶಂಶಾದಕ್ಕ ನಗಲು ಹೋದರು, ಕಣ್ಣು ತುಂಬಿತು. ಆಮೇಲೆ ನಿಜಕ್ಕೂ ಬಾಗಿಲಿಗೆ ಹೋಗಿ ಕೂಗಿದರು. ಎದುರು ಮನೆಯವರು ಹೊರಗೆ ಬಂದು ನೋಡಿದರು.

ಓದುಗರಲ್ಲಿ ಈ ಆಟಗಳನ್ನು ಬಲ್ಲವರು ಇದ್ದರೆ ದಯವಿಟ್ಟು ನನಗೆ ಬರೆಯಿರಿ. ಎರಡು ಅಂಕ ತೆಗೆಯಬೇಕಾದರೆ ಕನಿಷ್ಠ ಎಷ್ಟು ತೀರ್ಪುಗಾರರು ಇರಬೇಕು? ಐಸ್ ಮೇಲೆಯೂ ತಮ್ಮ ದೇಶದವರಿಗೇ ಕಡಿಮೆ ಹಾಕುವ ತೀರ್ಪುಗಾರರು ಇದ್ದಾರೆಯೇ? ಅತ್ತೆಯದೂ ಒಂದು ಪ್ರಶ್ನೆ ಇದೆ, ಅವರ ಮಾತಿನಲ್ಲೇ ಕೊಡುತ್ತೇನೆ: “ಗಾಳಿ ಕಳೆದದ್ದನ್ನ ತುಂಬಿಕೊಡ್ತಾರಲ್ಲ, ನಮ್ಮವರೇ ಕಳೆದದ್ದನ್ನ ತುಂಬಿಕೊಡೋ ಆಟ ಯಾವುದಾದ್ರೂ ಐತೇನು?”