ಸ್ವಾಮಿ ನೋಡುವ ಶಾಸ್ತ್ರ

ಬಳ್ಳಾರಿಯಿಂದ ನಮ್ಮೂರು ಕುರುಗೋಡಿಗೆ ಹೋಗುವ ಬಸ್ಸಿನಲ್ಲಿ ಪಕ್ಕದವರು ‘ಏನು ಓದುತ್ತೀರಿ’ ಎಂದು ಕೇಳಿದರೆ, ಉತ್ತರ ಹೇಳುವ ಮೊದಲು ಅವರ ಪಾದಗಳನ್ನು ಒಮ್ಮೆ ನೋಡಿಕೊಳ್ಳಬೇಕು. ವಿಜ್ಞಾನ ಎಂದರೆ ಪಾದಗಳು ಇದ್ದಲ್ಲೇ ಇರುತ್ತವೆ. ಕಾನೂನು ಎಂದರೆ ಒಂದಿಷ್ಟು ಹತ್ತಿರ ಸರಿಯುತ್ತವೆ, ಏಕೆಂದರೆ ಆ ಪಾದಗಳ ಒಡೆಯರಿಗೆ ಹೊಲದ ಬದುವಿನ ತಕರಾರು ಒಂದಾದರೂ ಇದ್ದೇ ಇರುತ್ತದೆ. ತತ್ತ್ವಶಾಸ್ತ್ರ ಎಂದರೆ ಮಾತ್ರ ಸರಕ್ಕನೆ ಸೀಟಿನ ಕೆಳಗೆ ಸೇರಿಕೊಳ್ಳುತ್ತವೆ. ಶಾಸ್ತ್ರ ಬಲ್ಲವರಿಗೆ ಕಾಲು ತಗುಲೀತೆಂಬ ಭಯ.

ಇದನ್ನು ನಾನು ಅಂದಾಜಿನ ಮೇಲೆ ಹೇಳುತ್ತಿಲ್ಲ. ಎಪ್ಪತ್ತರ ದಶಕದ ಆ ಎರಡು ವರ್ಷ, ಎಂ.ಎ. ಓದುತ್ತಿದ್ದಾಗ, ರಜೆ ರಜೆಗೆ ಊರಿಗೆ ಬಂದು ಹೋದ ಮೂವತ್ತನಾಲ್ಕು ಪ್ರಯಾಣಗಳ ಲೆಕ್ಕ ನನ್ನ ದಿನಚರಿಯಲ್ಲಿದೆ. ಕಾಲು ಎಳೆದುಕೊಂಡವರು ಹತ್ತೊಂಬತ್ತು. ಕೈ ಮುಂದೆ ಚಾಚಿ ರೇಖೆ ತೋರಿಸಿದವರು ಎಂಟು. ಕಳೆದುಹೋದ ಎಮ್ಮೆ ಯಾವ ದಿಕ್ಕಿಗೆ ಹೋಗಿದೆಯೆಂದು ಕೇಳಿದವರು ನಾಲ್ಕು. ಉತ್ತರ ಬರುವಷ್ಟರಲ್ಲಿ ನಿದ್ದೆ ಹೋದವರು ಇಬ್ಬರು. ಉಳಿದ ಒಬ್ಬ ಅಜ್ಜಿ ನನ್ನ ಮುಖವನ್ನು ಬಹಳ ಹೊತ್ತು ನೋಡಿ, ತೆಲುಗಿನಲ್ಲಿ ‘ಅಯ್ಯೋ ಪಾಪಂ’ ಎಂದು ಒಂದು ಹಿಡಿ ಹುರಿದ ಶೇಂಗಾ ಕೊಟ್ಟರು. ನನ್ನ ವಿದ್ಯೆಗೆ ಸಂದ ಮೊದಲ ಗೌರವಧನ ಅದು.

ನಾನು ತತ್ತ್ವಶಾಸ್ತ್ರಕ್ಕೆ ಸೇರಿದ್ದು ಸತ್ಯದ ಹಂಬಲದಿಂದ ಎಂದು ಯಾರಾದರೂ ಭಾವಿಸಿದ್ದರೆ ಅವರ ಮನಸ್ಸನ್ನು ನೋಯಿಸಲು ಸಂಕೋಚವಾಗುತ್ತದೆ. ಬಳ್ಳಾರಿಯ ಕಾಲೇಜಿನಲ್ಲಿ ಬಿ.ಎ.ಗೆ ಸೇರಿದಾಗ ಅರ್ಥಶಾಸ್ತ್ರದ ತರಗತಿ ಹತ್ತಕ್ಕೆ ಶುರುವಾಗುತ್ತಿತ್ತು, ತತ್ತ್ವಶಾಸ್ತ್ರದ್ದು ಹತ್ತೂವರೆಗೆ. ನಮ್ಮೂರಿನ ಬಸ್ಸು ಬಳ್ಳಾರಿ ಮುಟ್ಟುತ್ತಿದ್ದುದು ಹತ್ತೂ ಇಪ್ಪತ್ತಕ್ಕೆ. ದೊಡ್ಡ ದೊಡ್ಡ ದಾರ್ಶನಿಕರನ್ನು ಮರದ ನೆರಳೋ ಗುಹೆಯ ಮೌನವೋ ರೂಪಿಸಿತಂತೆ. ನನ್ನನ್ನು ಬಸ್ಸಿನ ವೇಳಾಪಟ್ಟಿ ರೂಪಿಸಿತು.

ಆಮೇಲೆ ವಿಶ್ವವಿದ್ಯಾಲಯ. ಅಲ್ಲಿ ದರ್ಶನಗಳನ್ನೂ ಧರ್ಮಗಳ ತುಲನೆಯನ್ನೂ ಕಲಿಸುತ್ತಿದ್ದ ನಮ್ಮ ಗುರುಗಳು ಹಳೆಯ ಶಾಸ್ತ್ರಕಾರರ ಪದ್ಧತಿಯನ್ನು ಚಾಚೂ ತಪ್ಪದೆ ಪಾಲಿಸುವವರು. ಆ ಪದ್ಧತಿಯಲ್ಲಿ ತನ್ನ ಮತವನ್ನು ಹೇಳುವ ಮೊದಲು ಎದುರಾಳಿಯ ಮತವನ್ನು, ಎದುರಾಳಿಗೇ ಹೊಳೆಯದಷ್ಟು ಚೆನ್ನಾಗಿ ಮಂಡಿಸಬೇಕು. ಅದಕ್ಕೆ ಪೂರ್ವಪಕ್ಷ ಎಂದು ಹೆಸರು. ಅದನ್ನು ಕೆಡವಿದ ಮೇಲೆ ಸಿದ್ಧಾಂತ. ನಮ್ಮ ಗುರುಗಳು ಪೂರ್ವಪಕ್ಷವನ್ನು ಎಷ್ಟು ನಿಷ್ಠೆಯಿಂದ ಕಟ್ಟುತ್ತಿದ್ದರೆಂದರೆ, ಕೆಡವುವ ಹೊತ್ತಿಗೆ ಸರಿಯಾಗಿ ಗಂಟೆ ಹೊಡೆಯುತ್ತಿತ್ತು. ಒಂದು ಟರ್ಮಿನ ನಲವತ್ತಮೂರು ತರಗತಿಗಳಲ್ಲಿ ನಾವು ಸಿದ್ಧಾಂತ ಮುಟ್ಟಿದ್ದು ಆರು ಸಲ. ಅದರಲ್ಲೂ ಎರಡು ಸಲ ಜವಾನ ಗಂಟೆ ಹೊಡೆಯುವುದನ್ನು ಮರೆತಿದ್ದ.

ಹೀಗೆ ಎರಡು ವರ್ಷ ಕಳೆದಾಗ, ಯಾವ ಮಾತಿಗೂ ಎರಡು ಮಗ್ಗುಲು ಕಾಣುವ, ಯಾವ ಮಗ್ಗುಲಿಗೂ ಒರಗಲಾರದ ಒಂದು ರೋಗ ನನಗೆ ಹತ್ತಿಕೊಂಡಿತು. ಅವ್ವ ‘ರೊಟ್ಟಿನೋ ಅನ್ನನೋ’ ಎಂದು ಕೇಳಿದರೆ ರೊಟ್ಟಿಯ ಪರವಾಗಿ ಮೂರು ಕಾರಣ, ಅನ್ನದ ಪರವಾಗಿ ಮೂರು ಕಾರಣ ಹೇಳುತ್ತಿದ್ದೆ. “ನಿನ್ನ ಪುರಾಣ ಮುಗಿಯೂತನ ನಾ ಸೌಟು ಹಿಡ್ಕಂಡು ನಿಂತಿರ್ಲೇನು?” ಎಂದು ಆಕೆ ನನ್ನ ತಟ್ಟೆಗೆ ರೊಟ್ಟಿಯನ್ನೂ ಅನ್ನವನ್ನೂ ಬಡಿಸಿ ಹೋಗುತ್ತಿದ್ದಳು. ರೋಗಕ್ಕೆ ಇಂಥ ಆರೈಕೆ ಸಿಕ್ಕರೆ ವಾಸಿಯಾಗುವುದಾದರೂ ಹೇಗೆ?

ಕಡೆಯ ಪರೀಕ್ಷೆ ಮುಗಿಸಿ ಊರಿಗೆ ಬಂದ ಆರನೆಯ ದಿನ, ಸಿರುಗುಪ್ಪದಿಂದ ಸೋದರಮಾವ ಪಂಪಯ್ಯನವರ ಕಾರ್ಡು ಬಂತು. ‘ಒಂದು ಶುಭಕಾರ್ಯದ ಮಾತಿದೆ. ಗುರುವಾರ ಬರುವುದು. ಮಡಿ ಪಂಚೆ ತರುವುದು.’ ಇಷ್ಟೇ.

ಓದುಗರಲ್ಲಿ ಒಂದು ಗುಟ್ಟು ಹೇಳಬೇಕು. ಮಾವನಿಗೆ ಒಬ್ಬಳೇ ಮಗಳು, ಗಿರಿಜಾ. ಅವಳು ನನ್ನೊಂದಿಗೆ ನಾಲ್ಕು ವರ್ಷಗಳಲ್ಲಿ ಆಡಿದ ಮಾತುಗಳು ದಿನಚರಿಯ ಪ್ರಕಾರ ಇನ್ನೂರ ಹನ್ನೊಂದು. ಅವುಗಳಲ್ಲಿ ನೂರಾ ತೊಂಬತ್ತು ಅಣಕ. ಉಳಿದ ಇಪ್ಪತ್ತೊಂದನ್ನು ನಂಬಿಕೊಂಡು ನಾನು ಮನಸ್ಸಿನಲ್ಲೇ ಮಂಟಪ ಕಟ್ಟಿಕೊಂಡಿದ್ದೆ. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ, ಏಕೆಂದರೆ ಹೇಳುವುದರ ಪರವಾಗಿ ನಾಲ್ಕು, ವಿರುದ್ಧವಾಗಿ ನಾಲ್ಕು ಕಾರಣಗಳಿದ್ದವು. ಈಗ ಮಾವನೇ ಶುಭಕಾರ್ಯ ಎಂದು ಬರೆದಿರುವಾಗ ಇನ್ನೇನು ಬೇಕು? ಬುಧವಾರವೇ ಕ್ಷೌರ ಮಾಡಿಸಿಕೊಂಡೆ. ಗುರುವಾರ ಮೊದಲ ಬಸ್ಸಿಗೆ ಹೊರಟೆ. ದಾರಿಯುದ್ದಕ್ಕೂ ಕಾಲುವೆ ನೀರುಂಡ ಗದ್ದೆಗಳು ಇದುವರೆಗೆ ನನಗೆ ಯಾಕೆ ಇಷ್ಟು ಹಸಿರಾಗಿ ಕಂಡಿರಲಿಲ್ಲವೋ ತಿಳಿಯಲಿಲ್ಲ.

ಬಾಗಿಲಲ್ಲಿ ಗಿರಿಜಾ ನೀರಿನ ತಂಬಿಗೆ ಹಿಡಿದು ನಿಂತಿದ್ದಳು.

“ಬರ್ರಿ ಬುದ್ಧಿ, ಪಾದ ತೊಳಕೊಳ್ರಿ.”

ನಮ್ಮ ಕಡೆ ಬುದ್ಧಿ ಎಂದು ಕರೆಯುವುದು ಮಠದ ಸ್ವಾಮಿಗಳನ್ನು. ಸೋದರತ್ತೆಯ ಮಗನಾದ ನನ್ನನ್ನು ಅವಳು ಕರೆಯುತ್ತಿದ್ದುದು ಮಾವ ಎಂದು. “ಏನಿದು ಹೊಸಾ ಅಣಕ?” ಎಂದೆ.

“ಅಣಕ ಅಲ್ಲ ಮಾವ. ಅಪ್ಪ ನಿಮಗ ಹೇಳಿಲ್ಲೇನು? ಕೆಂಚನಗುಡ್ಡದ ಆಚಿಂದ ಹಿರ್ಯಾರು ಬರಾಕತ್ತಾರ, ನಿಮ್ಮನ್ನ ನೋಡಾಕ. ಅವರ ಮಠದ ಗದ್ದಿಗಿ ಖಾಲಿ ಐತಂತ.”

“ನೋಡಾಕ ಅಂದ್ರ?”

“ಹೆಣ್ಣು ನೋಡಾಕ ಬಂದಂಗ. ಬೇಕಂದ್ರ ಮುಡಿಯಾಕ ಹೂವ ಕೊಡ್ತೀನಿ.”

ಅವಳ ಬಾಯಿ ನಗುತ್ತಿತ್ತು. ಆದರೆ ತಂಬಿಗೆಯ ನೀರನ್ನು ನನ್ನ ಕಾಲಿನ ಮೇಲಲ್ಲ, ಪಕ್ಕದ ಚಪ್ಪಲಿಗಳ ಮೇಲೆ ಹೊಯ್ಯುತ್ತಿದ್ದಳು.

ನಮ್ಮದು ಅಯ್ಯನೋರ ಮನೆತನ; ಮಠಗಳಿಗೆ ಸ್ವಾಮಿಗಳು ಬೇಕಾದಾಗ ಹಿರಿಯರು ಬಂದು ನಮ್ಮಂಥ ಮನೆಗಳ ಗಂಡುಮಕ್ಕಳನ್ನೇ ಕೇಳುವುದು ವಾಡಿಕೆ. ಹಾಗೆ ಕೇಳಿದವರಿಗೆ ಬಾಯಿಬಿಟ್ಟು ಒಲ್ಲೆ ಎನ್ನುವ ವಾಡಿಕೆ ಇಲ್ಲ. ಮಾವ ಪಡಸಾಲೆಯಲ್ಲಿ ಹೊಸ ಜಮಖಾನೆ ಹಾಸುತ್ತಿದ್ದರು.

“ಲೇ ಮಲ್ಲಯ್ಯ, ಎಂಥಾ ಯೋಗ ಬಂತು ನೋಡು. ಮಠಕ್ಕ ಕಾಲುವಿ ಗದ್ದಿ ಐತಿ, ಪಲ್ಲಕ್ಕಿ ಐತಿ. ನಿಮ್ಮಪ್ಪಗೂ ಕೇಳೀನಿ, ಹುಡುಗ ಒಪ್ಪಿದ್ರ ಆತು ಅಂದಾರ.”

“ಮಾವ, ನಾ ಓದಿದ್ದು ಬ್ಯಾರೆ ಥರದ್ದು.”

“ತತ್ತ್ವ ಓದೀಯೋ ಇಲ್ಲೋ?”

“ಓದೀನಿ.”

“ಎಲ್ಲಾ ಧರ್ಮದ್ದೂ ಓದೀಯೋ ಇಲ್ಲೋ?”

“ಓದೀನಿ.”

“ಮತ್ತ?”

ಆ ಒಂದು ‘ಮತ್ತ’ದಲ್ಲಿ ಎಂಟು ಪತ್ರಿಕೆಗಳ ನನ್ನ ಓದು ಮುಗಿದುಹೋಯಿತು. ವೈದ್ಯಕೀಯ ಓದಿದವನು ಮದ್ದು ಕೊಡಬೇಕು, ಕಾನೂನು ಓದಿದವನು ವಾದ ಮಾಡಬೇಕು. ತತ್ತ್ವ ಓದಿದವನು ಸ್ವಾಮಿಯಾಗದೆ ಇನ್ನೇನಾಗಬೇಕು?

ಹನ್ನೊಂದು ಗಂಟೆಗೆ ಹಿರಿಯರು ಬಂದರು. ಇಬ್ಬರೇ. ಮೇಲಿನ ಓಣಿಯ ಬಸನಗೌಡರು, ಕೆಳಗಿನ ಓಣಿಯ ನಿಂಗಪ್ಪನವರು. ಆ ಊರಿನಲ್ಲಿ ಮೇಲಿನ ಓಣಿಗೂ ಕೆಳಗಿನ ಓಣಿಗೂ ಬಹುಕಾಲದ ಮುನಿಸು. ಒಂದು ಓಣಿ ಒಪ್ಪಿದ ಸ್ವಾಮಿಯನ್ನು ಇನ್ನೊಂದು ಓಣಿ ಒಪ್ಪುವುದಿಲ್ಲ. ಆಗಲೇ ಮೂವರನ್ನು ನೋಡಿ ಬಿಟ್ಟಿದ್ದರಂತೆ. ಇದನ್ನು ಕೇಳಿ ನನಗೆ ಧೈರ್ಯ ಬಂತು. ಒಲ್ಲೆ ಎನ್ನಬಾರದು, ನಿಜ. ಆದರೆ ನಪಾಸಾಗಬಾರದೆಂದು ಯಾರೂ ಹೇಳಿಲ್ಲವಲ್ಲ. ಯಾವ ಪ್ರಶ್ನೆಗೂ ನೆಟ್ಟಗೆ ಉತ್ತರ ಕೊಡಬಾರದು, ವಿಶ್ವವಿದ್ಯಾಲಯ ಕಲಿಸಿದ್ದನ್ನೆಲ್ಲ ಅವರ ಮೇಲೆ ಸುರಿಯಬೇಕು, ಇಂಥ ಅಡ್ಡಗೋಡೆಯ ದೀಪ ನಮಗೆ ಬೇಡವೆಂದು ಅವರೇ ಎದ್ದು ಹೋಗಬೇಕು ಎಂದು ನಿಶ್ಚಯಿಸಿದೆ.

ಮೊದಲು ಅಡ್ಡಾಡಿಸಿ ನಡಿಗೆ ನೋಡಿದರು. ಕುಳ್ಳಿರಿಸಿ ಬೆನ್ನು ನೋಡಿದರು. ನಿಂಗಪ್ಪನವರು ನನ್ನ ತೋಳು ಹಿಡಿದು, “ಹಗೂರ ಅದಾರ. ಪಲ್ಲಕ್ಕಿ ಹೊರೋರು ನಮ್ಮ ಓಣ್ಯಾರು, ಅದಕ್ಕ ನೋಡಿದ್ನಿ,” ಎಂದರು. ಅಡಿಗೆಮನೆಯ ಬಾಗಿಲ ಮರೆಯಿಂದ ಯಾರೋ ಕೆಮ್ಮಿದರು. ಅದು ಕೆಮ್ಮಲ್ಲವೆಂದು ನನಗೆ ಗೊತ್ತಿತ್ತು.

ಆಮೇಲೆ ಪ್ರಶ್ನೆಗಳು. ಒಟ್ಟು ಹದಿನೇಳು. ಮೊದಲನೆಯದನ್ನು ಬಸನಗೌಡರು ಕೇಳಿದರು: “ಅಯ್ಯನೋರ, ದೇವ್ರು ಅದಾನೋ ಇಲ್ಲೋ?”

ಗದ್ದುಗೆಗೆ ಬರುವವನು ತಡವರಿಸಬಾರದ ಪ್ರಶ್ನೆ ಇದು. ನಾನು ಗುರುಗಳನ್ನು ನೆನೆದು, ಇದ್ದಾನೆ ಎನ್ನುವವರ ವಾದವನ್ನು ಹೇಳಿ, ಇಲ್ಲ ಎನ್ನುವವರ ವಾದವನ್ನು ಅದಕ್ಕಿಂತ ಚೆನ್ನಾಗಿ ಹೇಳಿ, ಎರಡನ್ನೂ ಹಾಗೆಯೇ ಬಿಟ್ಟೆ. ಮಾವನ ಮುಖ ಬಿಳಿಚಿತು. ಬಸನಗೌಡರು ನಿಧಾನವಾಗಿ ತಲೆಯಾಡಿಸಿದರು.

“ಖರೇ ಮಾತು. ನಮ್ಮೂರಾಗೂ ಹಂಗ ಐತಿ. ಕಾಲುವಿಗೆ ನೀರು ಬಂದಾಗ ಅದಾನ ಅಂತೀವಿ, ಬರದಿದ್ರ ಎಲ್ಲಿ ಅದಾನ ಅಂತೀವಿ.”

ನಿಂಗಪ್ಪನವರು ಮುಂದೆ ಸರಿದರು. “ಅದಿರ್ಲಿ. ಕಾಲುವಿ ನೀರು ಮೊದ್ಲು ಮ್ಯಾಲಿನ ಹೊಲಕ್ಕೋ ಕೆಳಗಿನ ಹೊಲಕ್ಕೋ? ಇದನ್ನ ಹೇಳ್ರಿ.”

ಬಸನಗೌಡರೂ ಮುಂದೆ ಸರಿದರು. ಮುನಿಸಿನ ಬೇರೇ ಅದೆಂದು ನನಗೆ ಹೊಳೆಯಿತು. ಒಬ್ಬರನ್ನಾದರೂ ಕೆರಳಿಸಿದರೆ ಬದುಕಿದೆ. ಆದರೆ ನಾಲಿಗೆ ಎರಡು ವರ್ಷ ಪಳಗಿದ್ದು. ನೀರು ಮೊದಲು ಮುಟ್ಟುವ ಹೊಲಕ್ಕೆ ಮೊದಲ ಹಕ್ಕು ಎಂಬುದಕ್ಕೆ ಮೂರು ಕಾರಣ ಕೊಟ್ಟೆ. ಕಡೆಗೆ ಮುಟ್ಟುವ ಹೊಲದ ಬಾಯಾರಿಕೆ ದೊಡ್ಡದು ಎಂಬುದಕ್ಕೆ ಮೂರು ಕಾರಣ ಕೊಟ್ಟೆ. ಮೊದಲ ಮೂರಕ್ಕೆ ಬಸನಗೌಡರು ತೊಡೆ ತಟ್ಟಿದರು, ಉಳಿದ ಮೂರಕ್ಕೆ ನಿಂಗಪ್ಪನವರು. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಬಹಳ ವರ್ಷಗಳಿಂದ ಹಾಗೆ ನೋಡಿಕೊಂಡಿರಲಿಲ್ಲವೇನೋ.

“ಪಂಪಯ್ನೋರ,” ಎಂದರು ಬಸನಗೌಡರು, “ಹಿಂದ ನೋಡಿದ ಮೂವರೂ ಒಂದ ಮಗ್ಗಲಿಗೆ ವಾಲ್ತಿದ್ರು. ಇವರು ವಾಲಂಗಿಲ್ಲ.”

“ಯಾರಿಗೂ ಬ್ಯಾಸ್ರ ಆಗಂಗಿಲ್ಲ,” ಎಂದರು ನಿಂಗಪ್ಪನವರು. “ಇವರ ಆಗಬೇಕು.”

ನಾನು ಕಂಗಾಲಾದೆ. ಮುಂದಿನ ಪ್ರಶ್ನೆಗಳಿಗೆ ಉತ್ತರ ಇನ್ನಷ್ಟು ಜಾರುವಂತೆ ಮಾಡಿದೆ. ಜಾರಿದಷ್ಟೂ ಅವರಿಗೆ ಹಿಡಿಸಿತು. ಪರೀಕ್ಷೆಯಲ್ಲಿ ನನಗೆ ಎರಡನೆಯ ದರ್ಜೆ ಬರುವುದೂ ಅನುಮಾನವಿತ್ತು. ಇಲ್ಲಿ ಹದಿನಾರು ಪ್ರಶ್ನೆಗಳಲ್ಲಿ ಹದಿನಾರಕ್ಕೂ ಪೂರ್ಣ ಅಂಕ ಬೀಳುತ್ತಿತ್ತು. ಮರ್ಯಾದೆ ಬಿಟ್ಟು ಇನ್ನೊಂದು ಸತ್ಯವನ್ನೂ ಹೇಳಿಬಿಡುತ್ತೇನೆ: ಹನ್ನೆರಡನೆಯ ಪ್ರಶ್ನೆಯ ಹೊತ್ತಿಗೆ ಈ ಹೊಗಳಿಕೆ ನನಗೆ ರುಚಿಸತೊಡಗಿತ್ತು. ಬಲಗೈ ತಾನಾಗಿ ಅರ್ಧ ಮೇಲೆದ್ದು ಆಶೀರ್ವಾದದ ಭಂಗಿಗೆ ಬಂದಿತ್ತು. ಚಹಾದ ತಟ್ಟೆ ಹಿಡಿದು ಹೊಸ್ತಿಲಿಗೆ ಬಂದ ಗಿರಿಜಾ ಆ ಕೈಯನ್ನು ನೋಡಿದಳು. ಈ ಸಲ ಅವಳು ಕೆಮ್ಮಲಿಲ್ಲ. ಅಲ್ಲೇ ನಿಂತುಬಿಟ್ಟಳು. ನಾನು ಕೈಯನ್ನು ಮೆಲ್ಲಗೆ ಇಳಿಸಿ ತೊಡೆಯ ಕೆಳಗೆ ಇಟ್ಟುಕೊಂಡೆ.

“ಕಡೀದೊಂದು ಕೇಳ್ತೀನಿ,” ಎಂದರು ನಿಂಗಪ್ಪನವರು. “ಇದನ್ನ ಎಲ್ಲಾರಿಗೂ ಕೇಳೂದ ಪದ್ಧತಿ. ಸಂಸಾರದ ಆಸಿ ಏನಾರ ಐತೇನ್ರಿ?”

ನಾನು ಬಾಯಿ ತೆರೆದೆ. ವೈರಾಗ್ಯದ ಪರವಾಗಿ ನನಗೆ ಹನ್ನೆರಡು ವಾದಗಳು ಗೊತ್ತಿದ್ದವು. ಆ ವರ್ಷದ ಐದನೆಯ ಪತ್ರಿಕೆಯೇ ಅದು. ಗೃಹಸ್ಥಾಶ್ರಮದ ಪರವಾಗಿ ಒಂಬತ್ತು. ಎರಡನ್ನೂ ಎದುರುಬದುರು ಕೂರಿಸಿ ಅರ್ಧ ಗಂಟೆ ಮಾತಾಡಬಹುದಿತ್ತು. ಮಾತಾಡಿ ಮುಗಿಸುವಷ್ಟರಲ್ಲಿ ಪಲ್ಲಕ್ಕಿ ಬಾಗಿಲಿಗೆ ಬಂದಿರುತ್ತಿತ್ತು. ಗಂಟೆ ಹೊಡೆದು ಕಾಪಾಡಲು ಜವಾನನೂ ಇಲ್ಲ.

“ಐತಿ,” ಎಂದೆ.

ಬಸನಗೌಡರು ಕಾದರು.

“ಇದಕ್ಕ ಇನ್ನೊಂದು ಮಗ್ಗಲು ಇಲ್ಲೇನ್ರಿ, ಅಯ್ಯನೋರ?”

“ಇಲ್ಲರಿ.”

“ಲೇ ಮಲ್ಲಯ್ಯ,” ಎಂದು ಮಾವ ಹಲ್ಲು ಕಚ್ಚಿದರು. “ಹಿರ್ಯಾರ ಮುಂದ ಏನಂತ ಮಾತಾಡಾಕತ್ತಿ?”

“ತಡೀರಿ ಪಂಪಯ್ನೋರ.” ನಿಂಗಪ್ಪನವರು ನನ್ನತ್ತ ಬಾಗಿದರು. “ಯಾರಾರ ಮನಸಿನ್ಯಾಗ ಅದಾರೇನು?”

ಇಲ್ಲಿ ನನ್ನ ಹಳೆಯ ರೋಗ ಮತ್ತೆ ಮೇಲೆದ್ದಿತು. “ಅದಾರ ಅಂತ ಹೇಳೂಕಿಂತ ಮೊದ್ಲು, ಮನಸಿನ್ಯಾಗ ಇರೋದು ಅಂದ್ರೇನು ಅನ್ನೋದನ್ನ ಸ್ವಲ್ಪ ವಿಚಾರ ಮಾಡಿದ್ರ...”

“ಅದಾರ ಅನ್ರಿ ಮಾವ,” ಎಂದಳು ಗಿರಿಜಾ. “ಚಾ ಆರಾಕತ್ತೈತಿ.”

ಪಂಪಯ್ಯನವರು ಮಗಳನ್ನು ನೋಡಿದರು; ನನ್ನನ್ನು ನೋಡಿದರು; ಸಹಾಯಕ್ಕೆಂಬಂತೆ ಹೊಸ ಜಮಖಾನೆಯನ್ನು ನೋಡಿದರು. “ಗಿರಿಜಾ, ಒಳಗ ಹೋಗು,” ಎಂದರು.

“ಚಾ ಕೊಟ್ಟು ಹೋಗ್ತೀನಪ್ಪ.”

ಬಸನಗೌಡರು ಚಹಾ ತೆಗೆದುಕೊಂಡು, ಊದದೆಯೇ ಒಂದು ಗುಟುಕು ಕುಡಿದು, ಬಹಳ ದುಃಖದಿಂದ ಹೇಳಿದರು: “ಪಂಪಯ್ನೋರ, ನಮಗ ಸ್ವಾಮಿಗಳನ್ನ ತೋರಸ್ತೀನಿ ಅಂತ ಕರದು, ನಿಮ್ಮ ಮಗಳಿಗೆ ವರ ತೋರಿಸಿದ್ರಿ.”

ಎರಡು ಮಗ್ಗುಲಿನ ಪ್ರಶ್ನೆಗಳು ಲೋಕದಲ್ಲಿ ಬೇಕಾದಷ್ಟಿವೆ, ಅವುಗಳಿಗಾಗಿ ವಿಶ್ವವಿದ್ಯಾಲಯಗಳೂ ಇವೆ. ಒಂದೇ ಮಗ್ಗುಲಿನ ಪ್ರಶ್ನೆ ಮನುಷ್ಯನಿಗೆ ಅಪರೂಪಕ್ಕೆ ಎದುರಾಗುತ್ತದೆ, ಅದನ್ನು ಗುರುತಿಸುವ ಉಪಾಯ ಯಾವ ಪತ್ರಿಕೆಯಲ್ಲೂ ಇಲ್ಲ. ಅಂದು ನಾನು ಗುರುತಿಸಿದ್ದೂ ಅರ್ಧವೇ. ಉಳಿದರ್ಧವನ್ನು ಗುರುತಿಸಿದವಳು ಪಿ.ಯು.ಸಿ.ಗೆ ಓದು ನಿಲ್ಲಿಸಿದ್ದವಳು.

ಹೊರಡುವ ಮುನ್ನ ನಿಂಗಪ್ಪನವರು ನನ್ನನ್ನು ಪಕ್ಕಕ್ಕೆ ಕರೆದು, ನಿಮ್ಮಂತೆ ಮಾತಾಡುವ ಅಯ್ಯನೋರು ನಿಮ್ಮ ಕ್ಲಾಸಿನಲ್ಲಿ ಇನ್ನೊಬ್ಬರಿದ್ದಾರೆಯೇ ಎಂದು ವಿಚಾರಿಸಿದರು. ನಾನು ಒಬ್ಬ ಗೆಳೆಯನ ವಿಳಾಸ ಬರೆದುಕೊಟ್ಟೆ. ಅವನು ಈಗ ಅಲ್ಲಿಯೇ ಇದ್ದಾನೆ. ಪಲ್ಲಕ್ಕಿ ಹೊರುವವರಿಗೆ ಮಾತ್ರ ಸ್ವಲ್ಪ ಕಷ್ಟವಂತೆ.

ಬಸನಗೌಡರು ಚೀಲ ಬಿಚ್ಚಿದರು. ಒಪ್ಪಿಗೆಯಾದರೆ ಹೊಸ ಸ್ವಾಮಿಗಳ ಮುಂದೆ ಇಡಲೆಂದು ತಂದ ಐದು ತೆಂಗಿನಕಾಯಿ, ಎಲೆ, ಅಡಿಕೆ. “ಒಮ್ಮಿ ಕೊಡಾಕಂತ ತಂದಿದ್ದನ್ನ ವಾಪಸ್ ಒಯ್ಯಾಕ ಬರಂಗಿಲ್ಲ,” ಎಂದರು. ಮಾವ ಐದೂ ಕಾಯಿಗಳನ್ನು ಒಂದೊಂದಾಗಿ ಎಣಿಸಿ, ಅಡಿಗೆಮನೆಯ ಬಾಗಿಲ ಕಡೆ ತಿರುಗಿ ಅತ್ತೆಯನ್ನು ಕರೆದರು. ಅತ್ತೆ ಒಳಗಿನಿಂದ ಕುಪ್ಪಸದ ಖಣ ತಂದು, ಗಿರಿಜಾಳನ್ನು ಮಣೆಯ ಮೇಲೆ ನಿಲ್ಲಿಸಿ, ಐದೂ ಕಾಯಿಗಳನ್ನು ಅವಳ ಉಡಿಗೆ ತುಂಬಿದಳು. ಮದುವೆಯ ನಿಶ್ಚಯಕ್ಕೆ ಒಂದು ಕಾಯಿ ಸಾಕಿತ್ತು. ಸೆರಗು ನೆಲಕ್ಕೆ ಜಗ್ಗುತ್ತಿತ್ತು, ಅವಳು ಎರಡೂ ಕೈಯಿಂದ ಎತ್ತಿ ಹಿಡಿದು ನಿಂತಿದ್ದಳು.

“ಭಾರ ಆತೇನವಾ?” ಎಂದು ಬಸನಗೌಡರು ಕೇಳಿದರು.

“ಇಲ್ಲರಿ,” ಎಂದಳು.